ಮಾಲೆ ಬಿಚ್ಚಿದ ಮೇಲೆ ಸಿಗರೇಟ್ ಯಾಕೆ ವಾಪಸ್ ಬರುತ್ತೆ

ನಮ್ಮ ತುಮಕೂರಿನ ಗ್ಯಾಂಗಲ್ಲಿ ಒಬ್ಬ ಇದಾನೆ, ದಿನಕ್ಕೆ ಹದಿನೈದು ಸಿಗರೇಟ್ ಸೇದೋ ಆಸಾಮಿ. ನವೆಂಬರ್ ಬಂತು ಅಂದ್ರೆ ಅಯ್ಯಪ್ಪನ ಮಾಲೆ ಹಾಕ್ಕೊಂತಾನೆ. ಅಲ್ಲಿಂದ 41 ದಿನ ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ಸಂಜೆ ಭಜನೆ, ಸಿಗರೇಟ್ ಮಾತ್ರ ಒಂದು ಪಫ್ಪೂ ಇಲ್ಲ. ಮಾಲೆ ಹಾಕ್ಕೊಂಡೂ ಕದ್ದು ಸೇದೋರು ಇದಾರೆ, ಅವರ ವಿಷಯ ಬಿಡಿ, ಇವನು ನಿಜವಾಗ್ಲೂ ಮುಟ್ಟಲ್ಲ. ಬೆಟ್ಟಕ್ಕೆ ಹೋಗಿ ಬರ್ತಾನೆ, ದೇವಸ್ಥಾನದಲ್ಲಿ ಮಾಲೆ ಬಿಚ್ಚಿಸ್ಕೊಂತಾನೆ, ಅಲ್ಲಿಂದ ಬಿಎಚ್ ರೋಡಿಗೆ ಬರೋದರೊಳಗೆ ಬಾಯಲ್ಲಿ ಹೊಗೆ. ಒಂದ್ಸಲ ತಡೀಲಾರ್ದೆ ಕೇಳೇಬಿಟ್ಟೆ, ಅಲ್ಲಯ್ಯಾ 41 ದಿನ ಇದ್ದೋನಿಗೆ 42ನೇ ದಿನ ಇರೋಕೆ ಏನಾಗಿತ್ತು ಅಂತ. ಅವನು ಬಹಳ ಸಹಜವಾಗಿ, "ವ್ರತ ಮುಗೀತಲ್ಲ ಗುರು" ಅಂದ.

ಆ ಮೂರು ಪದ ನನ್ನ ತಲೇಲಿ ಬಹಳ ದಿನ ಕೂತಿತ್ತು, ಯಾಕಂದ್ರೆ ನಾನೂ ಅದೇ ಜಾತಿಯವನು. ಹದಿನಾರು ವರ್ಷ ಸೇದಿದೀನಿ, ಎರಡು ಸಲ ಬಿಟ್ಟಿದೀನಿ, ಮೊದಲನೇ ಸಲದ್ದು ಐದು ತಿಂಗಳಿಗೆ ಕುಸಿದುಬಿತ್ತು, ಎರಡನೇದು ನಾಲ್ಕು ವರ್ಷ ದಾಟಿ ನಡೀತಿದೆ. ಬಿಡೋದು ಹೆಂಗೆ ಅಂತ ಎಲ್ಲರೂ ಹೇಳ್ತಾರೆ, ಪ್ಯಾಕ್ ಮೇಲೆ 85 ಪರ್ಸೆಂಟ್ ಜಾಗದಲ್ಲಿ ಕೊಳೆತ ಬಾಯಿ ಫೋಟೋ ಹಾಕಿ ಸರ್ಕಾರನೂ ಹೇಳುತ್ತೆ. ಬಿಟ್ಟ ಮೇಲೆ ಬಿಟ್ಟೇ ಇರೋದು ಹೆಂಗೆ ಅನ್ನೋದನ್ನ ಮಾತ್ರ ಯಾರೂ ಕೂರಿಸ್ಕೊಂಡು ಹೇಳಲ್ಲ. ಯಾವ ಔಷಧಿ, ಯಾವ ಸಲಹೆನೂ ಇಲ್ದೆ ತಾವಾಗೇ ಬಿಟ್ಟ ನೂರು ಜನರಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ಇನ್ನೂ ಸೇದದೆ ಉಳಿಯೋರು ಮೂರರಿಂದ ಐದು ಜನ ಅಷ್ಟೇ ಅಂತ ಸಂಶೋಧನೆಗಳು ಹೇಳ್ತವೆ, ಬಿದ್ದೋರಲ್ಲಿ ಬಹಳ ಜನ ಮೊದಲ ಎಂಟು ದಿನದಲ್ಲೇ ಬೀಳ್ತಾರೆ. ಆದ್ರೆ ನಮ್ಮ ಮಾಲೆ ಆಸಾಮಿ ಆ ಎಂಟು ದಿನನ ಪ್ರತಿ ವರ್ಷ ನೀರು ಕುಡಿದಂಗೆ ದಾಟ್ತಾನೆ. ಹಂಗಾದ್ರೆ ಅವನಿಗೆ ಅಡ್ಡ ಬರ್ತಿರೋದು ಏನು?

ಮೊದಲು ಮೈ ಒಳಗಿನ ಕಥೆ ನೋಡೋಣ. ಸಿಗರೇಟ್ ಹೊಗೆ ಎಳೆದ್ರೆ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಲ್ಲಿ ಮಿದುಳಿಗೆ ಹೋಗುತ್ತೆ. ಅಲ್ಲಿ ಅದು ಬಂದು ಕೂರೋ ಜಾಗಗಳಿವೆ, ರಿಸೆಪ್ಟರ್ ಅಂತಾರೆ, ಕೂತ ತಕ್ಷಣ ಡೋಪಮಿನ್ ಅನ್ನೋ ಖುಷಿ ಕೊಡೋ ರಾಸಾಯನಿಕ ಬಿಡುಗಡೆ ಆಗುತ್ತೆ. ಇದನ್ನ ಬೀಗರೂಟ ಅಂದ್ಕೊಳ್ಳಿ. ದಿನಾ ಜನ ಬರ್ತಾನೇ ಇದ್ರೆ ಮನೆಯವರು ಏನ್ ಮಾಡ್ತಾರೆ, ಎಲೆ ಜಾಸ್ತಿ ಹಾಕ್ತಾರೆ. ಮಿದುಳೂ ಹಂಗೇ, ಸೇದೋರ ತಲೇಲಿ ಈ ಜಾಗಗಳ ಸಂಖ್ಯೆ ಜಾಸ್ತಿ ಆಗಿಬಿಟ್ಟಿರುತ್ತೆ. ಒಂದು ದಿನ ನೀವು ಸಿಗರೇಟ್ ನಿಲ್ಲಿಸಿದ್ರಿ, ಬೀಗರು ಯಾರೂ ಬರಲಿಲ್ಲ, ಎಲೆ ಎಲ್ಲಾ ಹಾಸಿದಂಗೇ ಖಾಲಿ ಬಿದ್ದಿವೆ. ಸಿಡುಕು, ನಿದ್ದೆ ಬರದೆ ಇರೋದು, ಒಂದು ಕಡೆ ಕೂರಕ್ಕಾಗದೆ ಇರೋದು, ಹೆಂಡ್ತಿ ಉಪ್ಪಿನ ಡಬ್ಬಿ ಜೋರಾಗಿ ಇಟ್ರೂ ರೇಗೋದು, ಇದೆಲ್ಲಾ ಆ ಖಾಲಿ ಎಲೆಗಳ ಗಲಾಟೆ.

ಸಮಾಧಾನದ ವಿಷಯ ಏನಂದ್ರೆ ಆ ಎಲೆಗಳನ್ನ ಮಿದುಳೇ ಮಡಚಿ ಎತ್ತಿಡುತ್ತೆ. ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಗೊಂದ್ಸಲ ಅರ್ಧ ಅರ್ಧ ಆಗ್ತಾ ಹೋಗುತ್ತೆ, ಎರಡು ಮೂರು ದಿನಕ್ಕೆ ಹೆಚ್ಚೂಕಮ್ಮಿ ಖಾಲಿ. ಒದ್ದಾಟ ಮೊದಲನೇ ವಾರದಲ್ಲಿ ನೆತ್ತಿಗೇರುತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ರಿಸೆಪ್ಟರ್ ಸಂಖ್ಯೆ ಸೇದದೆ ಇರೋರ ಮಟ್ಟಕ್ಕೆ ಬರೋಕೆ ಸುಮಾರು 6ರಿಂದ 12 ವಾರ ಬೇಕು ಅಂತ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾರೆ. ಈಗ ಲೆಕ್ಕ ಹಾಕಿ, 41 ದಿನ ಅಂದ್ರೆ ಸುಮಾರು ಆರು ವಾರ. ಅಂದ್ರೆ ನಮ್ಮ ಗೆಳೆಯ ಪ್ರತಿ ವರ್ಷ ಕಷ್ಟದ ಕೆಲಸ ಮುಕ್ಕಾಲು ಪಾಲು ಮುಗಿಸಿ, ದಡದ ಹತ್ರ ಬಂದು, ವಾಪಸ್ ನಡು ಕೆರೆಗೆ ಈಜ್ಕೊಂಡು ಹೋಗ್ತಿದಾನೆ!

ಹಾಗಾಗಿ ವಾಪಸ್ ಎಳೆಯೋದು ಬರೀ ನಿಕೋಟಿನ್ ಅಲ್ಲ. ಎರಡನೇದು ಒಂದಿದೆ, ಅದು ಅಭ್ಯಾಸದ ನೆನಪು. ದಿನಕ್ಕೆ ಹತ್ತು ಸಿಗರೇಟ್, ಒಂದಕ್ಕೆ ಹತ್ತು ಪಫ್ ಅಂತ ಇಟ್ಕೊಂಡ್ರೂ ವರ್ಷಕ್ಕೆ 36,500 ಸಲ ಕೈ ಬಾಯಿಗೆ ಹೋಗಿರುತ್ತೆ. ಹತ್ತು ವರ್ಷಕ್ಕೆ ಮೂರೂವರೆ ಲಕ್ಷದ ಮೇಲೆ. ದೇವರ ನಾಮಾನೂ ಯಾರೂ ಅಷ್ಟು ಸಲ ಜಪ ಮಾಡಿರಲ್ಲ. ಪ್ರತಿ ಸಲ ಏನೋ ಒಂದು ಜೊತೆಗಿತ್ತು, ಟೀ ಗ್ಲಾಸು, ಊಟದ ನಂತರದ ತೇಗು, ಬಸ್ ಕಾಯೋದು, ಬಾಸ್ ಬೈದಿದ್ದು, ಮಳೆ ಬಂದಿದ್ದು. ಇವೆಲ್ಲಾ ಸಿಗರೇಟಿಗೆ ಅಂಟಿಕೊಂಡುಬಿಟ್ಟಿವೆ. ರಿಸೆಪ್ಟರ್ ಮೂರು ತಿಂಗಳಿಗೆ ಸರಿಹೋದ್ರೂ ಆ ಅಂಟು ಹಂಗೇ ಇರುತ್ತೆ. ನಮ್ಮಲ್ಲಿ ಚಟ, ಚಪಲ ಅಂತ ಎರಡು ಮಾತಿದೆ ನೋಡಿ, ನನ್ನ ಪ್ರಕಾರ ಚಟ ಮೈಗೆ, ಚಪಲ ಜಾಗಕ್ಕೆ ಹೊತ್ತಿಗೆ.

ಇದು ನನಗೆ ಸರಿಯಾಗಿ ಅರ್ಥ ಆಗಿದ್ದು ರೈಲಲ್ಲಿ. ನಾನು ದಿನಾ ತುಮಕೂರಿಂದ ಯಶವಂತಪುರಕ್ಕೆ ಹೋಗಿಬಂದು ಕೆಲಸ ಮಾಡೋನು, ಆಗ ಬಿಟ್ಟಿರಲಿಲ್ಲ. ರೈಲಲ್ಲಿ ಸೇದಂಗಿಲ್ಲ, ದಂಡ. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಒಂದೊಂದೇ ಸ್ಟೇಷನ್ ಹೋಗ್ತಿದ್ರೂ ಸಿಗರೇಟಿನ ನೆನಪೇ ಬರ್ತಿರಲಿಲ್ಲ, ಕಡ್ಲೆಕಾಯಿ ತಿನ್ಕೊಂಡು ಇಸ್ಪೀಟ್ ನೋಡ್ಕೊಂಡು ಆರಾಮಾಗಿ ಇರ್ತಿದ್ದೆ. ಚಿಕ್ಕಬಾಣಾವರ ದಾಟ್ತಿದ್ದಂಗೆ ಕೈ ತಾನಾಗೇ ಜೇಬಿಗೆ ಹೋಗೋದು, ಬಾಯಲ್ಲಿ ನೀರು, ಯಶವಂತಪುರದಲ್ಲಿ ರೈಲು ಪೂರ್ತಿ ನಿಲ್ಲೋದ್ರೊಳಗೆ ಇಳಿದಿರ್ತಿದ್ದೆ. ಮೈಗೆ ನಿಕೋಟಿನ್ ಕಮ್ಮಿ ಆಗಿದ್ದಕ್ಕೆ ಹಿಂಗೆ ಅಂದ್ಕೊಂಡಿದ್ದೆ. ಆದ್ರೆ ಸಿಗ್ನಲ್ ಪ್ರಾಬ್ಲಮ್ ಆಗಿ ದೊಡ್ಡಬೆಲೆ ಹತ್ರ ಒಂದು ಗಂಟೆ ನಿಂತ ದಿನ ಚಿಕ್ಕಬಾಣಾವರದ ಚಪಲ ಒಂದು ಗಂಟೆ ಲೇಟಾಗಿ ಬರ್ತಿತ್ತು! ನಿಕೋಟಿನ್ನಿಗೆ ಸ್ಟೇಷನ್ ಹೆಸರು ಹೆಂಗೆ ಗೊತ್ತು ಹೇಳಿ.

ಆಮೇಲೆ ಓದಿದೆ, ಇದನ್ನೇ ಇಸ್ರೇಲಿನವರು ವಿಮಾನದಲ್ಲಿ ಪರೀಕ್ಷೆ ಮಾಡಿದಾರೆ, 2010ರಲ್ಲಿ ಪ್ರಕಟ ಆಗಿದ್ದು. ಸಿಗರೇಟ್ ಸೇದೋ ಗಗನಸಖಿಯರು ಮತ್ತು ಸಿಬ್ಬಂದಿಗೆ ಹಾರಾಟದ ಮಧ್ಯೆ ಮಧ್ಯೆ ನಿಮಗೆ ಎಷ್ಟು ಆಸೆ ಆಗ್ತಿದೆ ಅಂತ ಬರೆಸಿದ್ರು, ಅದೇ ಜನನ್ನ ಒಂದ್ಸಲ ಯುರೋಪಿನ ಮೂರರಿಂದ ಐದೂವರೆ ಗಂಟೆಯ ಫ್ಲೈಟಲ್ಲಿ, ಇನ್ನೊಂದ್ಸಲ ನ್ಯೂಯಾರ್ಕಿನ ಹತ್ತು ಗಂಟೆಗಿಂತ ಜಾಸ್ತಿ ಇರೋ ಫ್ಲೈಟಲ್ಲಿ. ಸಣ್ಣ ಫ್ಲೈಟ್ ಇಳಿಯೋ ಹೊತ್ತಿಗೆ ಆಸೆ ಜೋರಾಗಿ ಏರಿತ್ತು, ಅದೇ ಅಷ್ಟೇ ಹೊತ್ತಾದಾಗ ದೊಡ್ಡ ಫ್ಲೈಟಲ್ಲಿ ತಣ್ಣಗಿದ್ರು, ಅಲ್ಲೂ ಇಳಿಯೋಕೆ ಹತ್ರ ಬಂದಾಗಲೇ ಏರಿದ್ದು. ಅಂದ್ರೆ ಎಷ್ಟು ಹೊತ್ತಿಂದ ಸೇದಿಲ್ಲ ಅನ್ನೋದಕ್ಕಿಂತ ಇನ್ನೆಷ್ಟು ಹೊತ್ತಿಗೆ ಸೇದಬಹುದು ಅನ್ನೋದೇ ಆಸೆನ ಎಬ್ಬಿಸೋದು. ಸಿಗಲ್ಲ ಅಂತ ಗೊತ್ತಿದ್ರೆ ಮಿದುಳು ಕೇಳೋದೇ ಇಲ್ಲ, ಸಿಗುತ್ತೆ ಅಂತ ಗೊತ್ತಾದ ಕ್ಷಣ ರಚ್ಚೆ ಹಿಡಿಯುತ್ತೆ, ಥೇಟ್ ಜಾತ್ರೇಲಿ ಬೆಂಡು ಬತ್ತಾಸು ಅಂಗಡಿ ಕಂಡ ಮಗು ಥರ.

ಈಗ ಮಾಲೆ ಕಥೆಗೆ ಬನ್ನಿ. ಮಾಲೆ ಕೊರಳಲ್ಲಿರೋವರೆಗೂ ಅವನು ವಿಮಾನದಲ್ಲಿದಾನೆ. ಸೇದೋದು ಸಾಧ್ಯನೇ ಇಲ್ಲ, ಹಾಗಾಗಿ ಒಳಗೆ ವಾದಾನೇ ನಡೆಯಲ್ಲ. ಟೀ ಅಂಗಡೀಲಿ ಯಾರೂ ಸ್ವಾಮಿಗೆ ಸಿಗರೇಟ್ ನೀಡಲ್ಲ, ಎಲ್ಲರೂ ಸ್ವಾಮಿ ಅಂತಾನೇ ಕರೀತಾರೆ, ಬಟ್ಟೆ ಬೇರೆ, ದಿನಚರಿ ಬೇರೆ, ಸಂಜೆ ಕೂರೋ ಜಾಗಾನೇ ಬೇರೆ. ಹಳೇ ಅಂಟುಗಳು ಒಂದೂ ಎದುರಿಗೆ ಬರಲ್ಲ. ಆದ್ರೆ ಮನಸ್ಸಿನ ಮೂಲೇಲಿ ವಿಮಾನ ಇಳಿಯೋ ತಾರೀಖು ಬರೆದಿಟ್ಟಿರುತ್ತೆ. ರಂಜಾನಲ್ಲಿ ಹಗಲೆಲ್ಲಾ ಒಂದು ಹನಿ ನೀರೂ ಮುಟ್ಟದೆ ಇದ್ದು ಇಫ್ತಾರ್ ಆದ ಹತ್ತು ನಿಮಿಷಕ್ಕೆ ಹಚ್ಚೋ ನಮ್ಮ ಸಿರಾದ ಫ್ರೆಂಡೂ ಇದನ್ನೇ ಹೇಳ್ತಾನೆ, ಮೂರು ಗಂಟೇಲಿ ಏನೂ ಅನ್ಸಲ್ಲ, ಆಜಾನಿಗೆ ಹದಿನೈದು ನಿಮಿಷ ಇರೋವಾಗ ಸಾಯ್ತೀನಿ ಅಂತ. ಕೊನೆ ತಾರೀಖು ಇಟ್ಕೊಂಡು ಬಿಟ್ಟೋರು ಬಿಟ್ಟಿರಲ್ಲ, ಕಾಯ್ತಿರ್ತಾರೆ. ನಾನು ಮೊದಲ ಸಲ ಬಿಟ್ಟಾಗ ಮಾಡಿದ್ದೂ ಅದೇ, "ಒಂದು ಆರು ತಿಂಗಳು ನೋಡೋಣ" ಅಂತ ಶುರು ಮಾಡಿದ್ದೆ.

ಇನ್ನೊಂದು ವಿಷಯ ಹೇಳ್ಬೇಕು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬಿಟ್ಟ ಮೇಲೆ ದಿನವಿಡೀ ಇರೋ ಕೊರೆತ ವಾರ ವಾರಕ್ಕೆ ಇಳಿಯುತ್ತೆ ಸರಿ, ಆದ್ರೆ ಸಿಗರೇಟ್ ಕಂಡಾಗ, ವಾಸನೆ ಬಂದಾಗ ಏಳೋ ಆಸೆ ಮೊದಲ ಒಂದು ತಿಂಗಳು ಜಾಸ್ತಿ ಆಗೋದೂ ಉಂಟು, ಬಿಟ್ಟು 35 ದಿನ ಆದೋರಲ್ಲಿ ಏಳು ದಿನದೋರಿಗಿಂತ ಜಾಸ್ತಿ ಇದ್ದದ್ದನ್ನ ಅಳೆದಿದಾರೆ. ಅದಕ್ಕೇ ಒಂದು ತಿಂಗಳು ಆರಾಮಾಗಿದ್ದು, ಗೆದ್ದೆ ಅಂದ್ಕೊಂಡು, ಯಾರೋ ಪಕ್ಕದಲ್ಲಿ ಹಚ್ಚಿದ್ದಕ್ಕೆ ಎದೆ ಡವಡವ ಅಂದಾಗ ಗಾಬರಿ ಆಗಿ "ನನ್ನ ಕೈಲಿ ಆಗಲ್ಲ ಬಿಡು" ಅಂದ್ಕೊಳ್ಳೋದು. ಆಗಲ್ಲ ಅಂತಲ್ಲ, ಅದು ಬರೋದು ಆ ಟೈಮಿಗೇ.

ಹಂಗಾದ್ರೆ ಮಾಡೋದೇನು? ಮೊದಲ ತಿಂಗಳು ಹಳೇ ಜಾಗಗಳಿಂದ ದೂರ ಇರಿ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಸರಿ, ಇರಿ. ನಾನು ಎರಡನೇ ಸಲ ಬಿಟ್ಟಾಗ ಸ್ಟೇಷನ್ ಹೊರಗಡೆ ಗೇಟನ್ನೇ ಬದಲಾಯಿಸ್ಕೊಂಡೆ, ಪೆಟ್ಟಿಗೆ ಅಂಗಡಿ ಇಲ್ಲದ ಕಡೆಯಿಂದ ಸುತ್ತಿ ಹೋಗ್ತಿದ್ದೆ. ಆದ್ರೆ ಜೀವನ ಪೂರ್ತಿ ಸುತ್ತಿ ಹೋಗಕ್ಕಾಗುತ್ತಾ. ಅಂಟು ಬಿಡಿಸೋಕೆ ಇರೋದು ಒಂದೇ ದಾರಿ, ಅದೇ ಜಾಗಕ್ಕೆ ಹೋಗಿ, ಅದೇ ಹೊತ್ತಿಗೆ, ಸಿಗರೇಟ್ ಇಲ್ದೆ ವಾಪಸ್ ಬರಬೇಕು, ಒಂದ್ಸಲ ಅಲ್ಲ, ಹತ್ತು ಸಲ. ಹಳೇ ಪಾಠ ಅಳಿಸಿ ಹೋಗಲ್ಲ, ಅದರ ಮೇಲೆ ಹೊಸ ಪಾಠ ಬರೆಯೋದು ಅಷ್ಟೇ. ಮತ್ತೆ ಇಲ್ಲೊಂದು ಕಿರಿಕಿರಿ ಇದೆ, ಒಂದು ಜಾಗದಲ್ಲಿ ಕಲಿತಿದ್ದು ಇನ್ನೊಂದಕ್ಕೆ ತಾನಾಗೇ ಹೋಗಲ್ಲ. ಸ್ಟೇಷನ್ ಗೆದ್ದೆ, ಆದ್ರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈ ತೊಳ್ಕೊಂಡ ತಕ್ಷಣ ಮತ್ತೆ ಮೊದಲಿಂದ ಶುರು. ಅದನ್ನೂ ಗೆದ್ದೆ, ದೇವರಾಯನದುರ್ಗಕ್ಕೆ ಹುಡುಗರ ಜೊತೆ ಬೈಕಲ್ಲಿ ಹೋದ್ವಿ, ಮೇಲೆ ಗಾಳಿ ಬೀಸ್ತಿದ್ದಂಗೆ ಮತ್ತೆ. ಯುಗಾದಿ ಮಾರನೇ ದಿನದ ಹೊಸತೊಡಕು ವರ್ಷಕ್ಕೊಂದೇ ಸಲ ಬರೋದು, ಅದಕ್ಕೇ ಅಲ್ಲಿ ಬೀಳೋರು ಜಾಸ್ತಿ, ಎಂಟು ತಿಂಗಳು ಗಟ್ಟಿಯಾಗಿದ್ದೋನಿಗೂ ಮಟನ್, ಎಣ್ಣೆ, ಇಸ್ಪೀಟು ಮೂರೂ ಒಂದೇ ಚಾಪೆ ಮೇಲೆ ಸಿಕ್ಕಿರಲ್ಲ ನೋಡಿ. ಅದರಲ್ಲೂ ಎಣ್ಣೆ. ಕುಡಿದಾಗ ಬೇಡ ಅನ್ನೋ ಶಕ್ತಿನೇ ಹೋಗಿರುತ್ತೆ, ಹಂಗಾಗಿ ಮೊದಲ ಎರಡು ಮೂರು ತಿಂಗಳು ಕುಡಿಯೋ ಕೂಟಕ್ಕೆ ಹೋಗ್ಲೇಬೇಡಿ, ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಒಂದು ಚಪಲದ ಆಯಸ್ಸು ಮೂರರಿಂದ ಐದು ನಿಮಿಷ, ಬಹಳ ಅಂದ್ರೆ ಹತ್ತು. ಏರುತ್ತೆ, ನಿಲ್ಲುತ್ತೆ, ಇಳಿಯುತ್ತೆ. ಸೇದಿದ್ರಷ್ಟೇ ಇಳಿಯುತ್ತೆ ಅಂತ ನಮಗೆ ಭ್ರಮೆ, ಯಾಕಂದ್ರೆ ಸೇದದೆ ಕೂತು ನೋಡಿದ್ದೇ ಇಲ್ವಲ್ಲ. ನಾನು ಮಾಡ್ತಿದ್ದಿದ್ದು ಹುರಿದ ಕಡ್ಲೆಕಾಯಿ, ಸಿಪ್ಪೆ ಸಮೇತ, ಬಿಡಿಸೋಕೆ ಎರಡೂ ಕೈ ಬೇಕು ಬಾಯೂ ಬೇಕು, ಒಂದು ಹಿಡಿ ಮುಗಿಯೋದರೊಳಗೆ ಚಪಲನೂ ಮುಗಿದಿರುತ್ತೆ. ಪಾವಗಡ ಮಧುಗಿರಿ ಕಡೆ ನೆಂಟರು ಇದ್ರೆ ಖರ್ಚೂ ಇಲ್ಲ. ಇನ್ನು ಕೆಲವರು ನೀರು ಕುಡೀತಾರೆ, ನಡೀತಾರೆ, ಯಾರಿಗಾದ್ರೂ ಫೋನ್ ಮಾಡ್ತಾರೆ, ಯಾವುದಾದ್ರೂ ಸರಿ.

ಟೀ ಕಾಫಿ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾನು ಇದರಲ್ಲೇ ಹತ್ತು ದಿನ ಒದ್ದಾಡಿದ್ದು. ಸಿಗರೇಟ್ ಹೊಗೇಲಿರೋ ಟಾರಿನ ಥರದ ಕೆಲವು ರಾಸಾಯನಿಕಗಳು ನಮ್ಮ ಲಿವರಲ್ಲಿ ಒಂದು ಕಿಣ್ವನ ಜೋರು ಮಾಡಿರ್ತವೆ, ಆ ಕಿಣ್ವನೇ ಕಾಫಿ ಟೀಲಿರೋ ಕೆಫಿನನ್ನ ಕರಗಿಸೋದು. ಹಾಗಾಗಿ ಸೇದೋರ ಮೈಯಲ್ಲಿ ಕೆಫಿನ್ ಬೇರೆಯವರಿಗಿಂತ ಸುಮಾರು ಎರಡರಷ್ಟು ಬೇಗ ಖಾಲಿ ಆಗುತ್ತೆ, ಅದಕ್ಕೇ ಸೇದೋರು ದಿನಕ್ಕೆ ಆರೇಳು ಟೀ ಕುಡಿದ್ರೂ ಏನೂ ಆಗಲ್ಲ. ಸಿಗರೇಟ್ ನಿಲ್ಲಿಸಿದ್ರೆ ಒಂದು ವಾರದೊಳಗೆ ಆ ಕಿಣ್ವ ಮಾಮೂಲಿಗೆ ಬರುತ್ತೆ, ನೀವು ಮಾತ್ರ ಅದೇ ಆರು ಟೀ ಕುಡೀತಿದೀರಿ, ಜೊತೆಗೆ ಸಿಗರೇಟ್ ಇಲ್ಲ ಅಂತ ಇನ್ನೆರಡು ಜಾಸ್ತಿ. ರಾತ್ರಿ ನಿದ್ದೆ ಇಲ್ಲ, ಕೈ ನಡುಕ, ಎದೆ ಬಡಿತ, ಸಿಡಿಮಿಡಿ. ನೀವು ಏನಂದ್ಕೊಂತೀರಿ, ಸಿಗರೇಟ್ ಬಿಟ್ಟಿದ್ದಕ್ಕೆ ಹಿಂಗಾಗ್ತಿದೆ, ಒಂದು ಸೇದಿದ್ರೆ ಸರಿಹೋಗುತ್ತೆ ಅಂತ. ಅರ್ಧ ಪಾಲು ಅದು ಕಾಫಿ ಆಟ. ಬಿಟ್ಟ ದಿನದಿಂದ ಕಾಫಿ ಟೀನ ಅರ್ಧಕ್ಕೆ ಇಳಿಸಿ, ಬೈ ಟೂ ಇರೋದೇ ಅದಕ್ಕೆ. ಇದೇ ಕಾರಣಕ್ಕೆ ಉಬ್ಬಸಕ್ಕೆ ಥಿಯೋಫಿಲ್ಲಿನ್ ಮಾತ್ರೆ, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಥರದ ಮಾತ್ರೆ ತಗೊಳ್ಳೋರು ಸಿಗರೇಟ್ ಬಿಡ್ತಿದೀನಿ ಅಂತ ಡಾಕ್ಟರಿಗೆ ಮೊದಲೇ ಹೇಳ್ಬೇಕು, ಡೋಸ್ ಕಮ್ಮಿ ಮಾಡಬೇಕಾಗಬಹುದು.

ಇನ್ನೂ ಕೆಲವು ಚಿಲ್ಲರೆ ಕಾಟಗಳಿವೆ, ಮೊದಲೇ ಗೊತ್ತಿದ್ರೆ ಹೆದರಲ್ಲ. ಕೆಮ್ಮು ಜಾಸ್ತಿ ಆಗುತ್ತೆ, ಶ್ವಾಸನಾಳದ ಒಳಗಿನ ಸಣ್ಣ ಕೂದಲಿನಂಥವು ಮತ್ತೆ ಕೆಲಸ ಶುರು ಮಾಡಿ ಕಫನ ಮೇಲಕ್ಕೆ ತಳ್ತಿರೋದು ಅದು, ಕೆಲವು ವಾರಕ್ಕೆ ಹೋಗುತ್ತೆ, ರಕ್ತ ಬಂದ್ರೆ ಅಥವಾ ಹೋಗ್ಲೇ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಬಾಯಲ್ಲಿ ಹುಣ್ಣು ಮೊದಲ ಎರಡು ವಾರ ಬಹಳ ಜನಕ್ಕೆ ಬರುತ್ತೆ. ಬೆಳಗ್ಗೆ ಹೊಟ್ಟೆ ಕ್ಲಿಯರ್ ಆಗಲ್ಲ, ನಗಬೇಡಿ, ಸಿಗರೇಟ್ ಇಲ್ದೆ ಕಕ್ಕಸಿಗೆ ಹೋಗಕ್ಕಾಗಲ್ಲ ಅಂತಾನೇ ಮತ್ತೆ ಶುರು ಮಾಡಿದೋರು ನನಗೆ ಗೊತ್ತು, ನಿಕೋಟಿನ್ ಕರುಳನ್ನ ಚುರುಕು ಮಾಡ್ತಿತ್ತು, ಈಗ ಅದಿಲ್ಲ, ಸೊಪ್ಪು ನೀರು ಬಾಳೆಹಣ್ಣು ಸ್ವಲ್ಪ ತಾಳ್ಮೆ. ತೂಕ ವರ್ಷಕ್ಕೆ ಸರಾಸರಿ ನಾಲ್ಕೈದು ಕೆಜಿ ಏರುತ್ತೆ, ನನಗೆ ಆರು ಏರ್ತು, ಮುದ್ದೆ ಎರಡಾಯ್ತು ಏನ್ಮಾಡೋದು. ಆದ್ರೆ ಬಿಟ್ಟು ಒಂದು ವರ್ಷಕ್ಕೆ ಹೃದಯಾಘಾತದ ಅಪಾಯ ಅರ್ಧಕ್ಕೆ ಹತ್ರ ಇಳಿಯುತ್ತೆ, ಹೊಟ್ಟೆ ಮುಂದೆ ಬಂತು ಅಂತ ವಾಪಸ್ ಸೇದೋದು ಲಾಸಿನ ವ್ಯಾಪಾರ.

ಈಗ ನಾನು ಬಿದ್ದ ಕಥೆ. ಐದು ತಿಂಗಳು ಆಗಿತ್ತು, ಯಾವ ಕಾಟಾನೂ ಇರಲಿಲ್ಲ, ನಿಜ ಹೇಳ್ಬೇಕಂದ್ರೆ ಸ್ವಲ್ಪ ಕೊಬ್ಬೇ ಬಂದಿತ್ತು, ಸೇದೋರನ್ನ ಕಂಡು ಬುದ್ಧಿ ಹೇಳ್ತಿದ್ದೆ. ಗುಬ್ಬಿ ಹತ್ರ ತೋಟದಲ್ಲಿ ಒಂದು ಬೀಗರೂಟ. ಊಟ ಭರ್ಜರಿ ಆಯ್ತು, ತೆಂಗಿನ ಮರದ ಕೆಳಗೆ ಐದಾರು ಜನ ನಿಂತಿದ್ವಿ, ನಮ್ಮ ಭಾವನೊಬ್ಬ ಪ್ಯಾಕ್ ಮುಂದೆ ಹಿಡಿದ. "ಬಿಟ್ಟಿದೀನಿ ಭಾವ" ಅಂದೆ. "ಗೊತ್ತು ಕಣೋ, ಒಂದೇ ಒಂದು, ಐದು ತಿಂಗಳು ಬಿಟ್ಟೋನಿಗೆ ಒಂದು ಏನ್ ಮಾಡುತ್ತೆ" ಅಂದ. ನನಗೂ ಅದು ನ್ಯಾಯ ಅನ್ನಿಸ್ತು. ಪೂರ್ತಿ ಸೇದಲೂ ಇಲ್ಲ, ಎರಡು ಪಫ್. ತಲೆ ಗಿರ್ ಅಂತು, ರುಚಿ ಕೆಟ್ಟದಾಗಿತ್ತು, ಎಸೆದೆ, ಇಷ್ಟೇನಾ ಅಂದ್ಕೊಂಡೆ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಯಶವಂತಪುರದಲ್ಲಿ ಒಂದು ಕೊಂಡೆ. ಕರ್ನಾಟಕದಲ್ಲಿ ಬಿಡಿ ಸಿಗರೇಟ್ ಮಾರಂಗಿಲ್ಲ ಅಂತ ಕಾನೂನಿದೆ, ಪೆಟ್ಟಿಗೆ ಅಂಗಡೀಲಿ ಅದನ್ನ ಯಾರು ಕೇಳ್ತಾರೆ, ಮತ್ತೆ ಶುರು ಮಾಡೋನಿಗೆ ಪ್ಯಾಕ್ ಅಲ್ಲ ಆ ಒಂದೇ ಅಲ್ವಾ ಬೇಕಿರೋದು. ಎರಡು ವಾರಕ್ಕೆ ದಿನಕ್ಕೆ ಎಂಟು.

ಒಂದು ಏನ್ ಮಾಡುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಆಮೇಲೆ ಸಿಕ್ತು. 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೇದೋರನ್ನ ಸ್ಕ್ಯಾನರಲ್ಲಿ ಮಲಗಿಸಿ ನೋಡಿದ್ರು, ಒಂದೆರಡು ಪಫ್ ಎಳೆದ್ರೆ ಸಾಕು, ನಿಕೋಟಿನ್ ಕೂರೋ ಮುಖ್ಯವಾದ ಜಾಗಗಳಲ್ಲಿ ಅರ್ಧ ತುಂಬಿಹೋಗುತ್ತೆ, ಮೂರು ಗಂಟೆ ಹೊತ್ತು ಹಂಗೇ ಇರುತ್ತೆ. ಪೂರ್ತಿ ಒಂದು ಸೇದಿದ್ರೆ 88 ಪರ್ಸೆಂಟ್. ಬೀಗರೂಟದ ಭಾಷೇಲೇ ಹೇಳೋದಾದ್ರೆ, ಎಲೆ ಎಲ್ಲಾ ಎತ್ತಿಟ್ಟು ಚಪ್ಪರ ಬಿಚ್ಚಿದ ಮೇಲೆ ಇಬ್ಬರು ನೆಂಟರು ಬಂದ್ರು ಅಂತ ಅರ್ಧ ಪಂಕ್ತಿ ಎದ್ದು ಕೂತಂಗೆ. ಇದರ ಜೊತೆಗೆ ತೆಂಗಿನ ಮರದ ಕೆಳಗೆ ನಾನು ಕಲಿತ ಪಾಠ ಒಂದಿತ್ತಲ್ಲ, "ಸೇದಿದ್ರೂ ಏನೂ ಆಗಲ್ಲ" ಅಂತ, ಅದು ನಿಕೋಟಿನ್ನಿಗಿಂತ ಅಪಾಯ.

ಇನ್ನೊಂದು ಅಪಾಯ ಇದಕ್ಕೆ ಉಲ್ಟಾ. ಕೆಲವರು ಒಂದು ಸೇದಿದ ತಕ್ಷಣ "ಹೋಯ್ತು, ಇಷ್ಟು ದಿನದ್ದು ಎಲ್ಲಾ ನೀರಲ್ಲಿ ಹೋಮ" ಅಂತ ಕೂತ್ಬಿಡ್ತಾರೆ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತ ಗಾದೆ ಇದೆಯಲ್ಲ, ಅದೇ ಲೆಕ್ಕ, ಒಂದು ಸೇದಿದ್ದಾಯ್ತು ಪ್ಯಾಕೇ ತಗೊಂಡ್ರಾಯ್ತು. ಅಲನ್ ಮಾರ್ಲಾಟ್ ಅಂತ ಅಮೆರಿಕದ ಒಬ್ಬರು ಮನಶ್ಶಾಸ್ತ್ರಜ್ಞರು ಚಟಕ್ಕೆ ವಾಪಸ್ ಬೀಳೋದರ ಮೇಲೇನೇ ಕೆಲಸ ಮಾಡಿದೋರು, ಅವರು ಜಾರೋದು ಬೇರೆ, ಬೀಳೋದು ಬೇರೆ ಅಂದ್ರು. ಜಾರಿದೋನನ್ನ ಪೂರ್ತಿ ಬೀಳಿಸೋದರಲ್ಲಿ ಆ ಒಂದು ಸಿಗರೇಟಿಗಿಂತ, ಜಾರಿದ ಮೇಲೆ ತನ್ನನ್ನ ತಾನು ಬೈಕೊಳ್ಳೋ ಆ ಅರ್ಧ ಗಂಟೆಯ ಕೈವಾಡ ದೊಡ್ಡದು. ಹಂಗಾಗಿ ಒಂದು ವೇಳೆ ಜಾರಿದ್ರೆ ಕೈಲಿರೋದನ್ನ ಅರ್ಧಕ್ಕೇ ಎಸೀರಿ, ಪ್ಯಾಕ್ ಇದ್ರೆ ನೀರು ಹಾಕಿ ಬಿಸಾಕಿ, ಬೇರೆಯವರಿಗೆ ಕೊಡ್ತೀನಿ ಅಂತ ಜೇಬಲ್ಲಿ ಇಟ್ಕೋಬೇಡಿ, ಆ ಜಾಗದಿಂದ ಎದ್ದು ನಡೀರಿ, ಮನೇಲಿ ಒಬ್ಬರಿಗಾದ್ರೂ ಅವತ್ತೇ ಹೇಳಿ. ನಾನು ಹೇಳಲಿಲ್ಲ. ಏಲಕ್ಕಿ ಅಗೀತಾ ಮನೆಗೆ ಹೋಗ್ತಿದ್ದೆ, ಮುಚ್ಚಿಟ್ಟಿದ್ದೇ ಅದು ಬೆಳೆಯೋಕೆ ಜಾಗ ಆಯ್ತು.

ಔಷಧಿ ತಗೊಳ್ಳೋದು ಅವಮಾನ ಅಂತ ನಮ್ಮಲ್ಲಿ ಒಂದು ಭಾವನೆ ಇದೆ, ಮನಸ್ಸು ಗಟ್ಟಿ ಇದ್ರೆ ಸಾಕು ಅಂತಾರೆ. ಸುಳ್ಳು. ನಿಕೋಟಿನ್ ಗಮ್ 2 ಮಿಲಿಗ್ರಾಮಿಂದು ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ಲದೇ ಸಿಗುತ್ತೆ, ಬೆಳಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲನೇದು ಹಚ್ಚೋ ಅಂಥ ಜೋರು ಚಟ ಇದ್ರೆ 4 ಮಿಲಿಗ್ರಾಂ ಬೇಕಾಗಬಹುದು, ಅದಕ್ಕೆ ಡಾಕ್ಟರ್ ಕೇಳಿ. ಬಹಳ ಜನ ಅದನ್ನ ಬಬಲ್ ಗಮ್ ಥರ ಜಗಿದು ನುಂಗಿ, ಬಿಕ್ಕಳಿಕೆ ಬಂತು, ಹೊಟ್ಟೆ ಉರೀತು ಅಂತ ಎಸೀತಾರೆ. ನಿಧಾನಕ್ಕೆ ಜಗೀಬೇಕು, ಬಾಯಲ್ಲಿ ಚುರುಚುರು ಅಂದ ತಕ್ಷಣ ಕೆನ್ನೆ ಸಂದೀಲಿ ಒತ್ತರಿಸಿ ಇಡಬೇಕು, ಚುರುಚುರು ನಿಂತ ಮೇಲೆ ಮತ್ತೆ ಜಗೀಬೇಕು, ಹಿಂಗೆ ಅರ್ಧ ಗಂಟೆ. ಜಗಿಯೋಕೆ ಹದಿನೈದು ನಿಮಿಷ ಮುಂಚೆ ಮತ್ತು ಜಗಿಯೋವಾಗ ಕಾಫಿ, ಕೂಲ್ ಡ್ರಿಂಕ್ಸ್ ಕುಡಿದ್ರೆ ಅದು ಬಾಯಿಂದ ರಕ್ತಕ್ಕೆ ಇಳಿಯೋದೇ ಇಲ್ಲ. ಎಂಟು ಹನ್ನೆರಡು ವಾರ ಬಳಸಬಹುದು, ಎರಡೇ ದಿನಕ್ಕೆ ನಿಲ್ಲಿಸಬೇಡಿ. ವರೆನಿಕ್ಲಿನ್, ಬುಪ್ರೊಪಿಯಾನ್ ಅಂತ ಮಾತ್ರೆಗಳಿವೆ, ಅವಕ್ಕೆ ಚೀಟಿ ಬೇಕೇಬೇಕು. ಮತ್ತೆ ಸಿಗರೇಟ್ ಪ್ಯಾಕ್ ಮೇಲೇ ಬರೆದಿರೋ ನಂಬರ್ ಯಾರೂ ಮಾಡಿ ನೋಡಿರಲ್ಲ, 1800-11-2356, ಫ್ರೀ, ದಕ್ಷಿಣದ ಕರೆಗಳನ್ನ ನೋಡ್ಕೊಳ್ಳೋದು ಬೆಂಗಳೂರಿನ ನಿಮ್ಹಾನ್ಸ್‌ನವರು, ಕನ್ನಡದಲ್ಲೇ ಮಾತಾಡಬಹುದು. ನಾನು ಮೂರು ಸಲ ಮಾಡಿದೀನಿ, ಬೈಯಲ್ಲ.

ಬದಲಿ ಚಟಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಸಿಗರೇಟ್ ಬಿಟ್ಟೋರು ಬಹಳ ಸುಲಭಕ್ಕೆ ಹೋಗೋದು ತುಟಿ ಸಂದಿಗೆ ಹೊಗೆಸೊಪ್ಪು ಇಡೋದಕ್ಕೆ. ಅದೂ ನಿಕೋಟಿನ್ನೇ, ಬೀಗರು ಮುಂದಿನ ಬಾಗಿಲು ಬಿಟ್ಟು ಹಿತ್ತಲಿಂದ ಬಂದಂಗೆ, ಜೊತೆಗೆ ಬಾಯಿ ಕ್ಯಾನ್ಸರ್. ಅಡಿಕೆ ಬರೀ ಅಡಿಕೆ ತಾನೇ ಅಂತಾರೆ, ಗುಬ್ಬಿ ಚಿಕ್ಕನಾಯಕನಹಳ್ಳಿ ಕಡೆಯೋರ ಎದುರಿಗೆ ಹೇಳೋಕೆ ನನಗೂ ಮುಜುಗರ, ಆದ್ರೆ ತಂಬಾಕು ಇಲ್ಲದ ಅಡಿಕೆನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ದರ್ಜೆಯ ಪಟ್ಟಿಗೇ ಸೇರಿಸಿದೆ. ವೇಪ್ ಇಡೀ ದೇಶದಲ್ಲಿ 2019ರಿಂದ ಬ್ಯಾನ್, ಕದ್ದು ಸಿಗೋದರೊಳಗೆ ಏನಿದೆಯೋ ಮಾರೋನಿಗೂ ಗೊತ್ತಿರಲ್ಲ.

"ಬಿಟ್ಟಿದೀನಿ" ಅನ್ನೋ ಪದನೂ ನನಗೆ ಕೈ ಕೊಡ್ತು ಅಂತ ಆಮೇಲೆ ಅನ್ನಿಸ್ತು. ಬಿಟ್ಟಿದೀನಿ ಅಂದ ತಕ್ಷಣ ಎದುರಿಗಿರೋನು "ಎಷ್ಟು ದಿನ ಆಯ್ತು" ಅಂತಾನೆ, ಆಮೇಲೆ "ಒಂದೇ ಒಂದು" ಅಂತಾನೆ. ಎರಡನೇ ಸಲ ನಾನು "ನಾನು ಸೇದಲ್ಲ" ಅಂತ ಶುರು ಮಾಡಿದೆ. ಅಷ್ಟೇ ವ್ಯತ್ಯಾಸ. ಮಾಂಸ ತಿನ್ನದೆ ಇರೋರಿಗೆ ಯಾರೂ ಒಂದೇ ಪೀಸ್ ತಿನ್ನು ಅಂತ ಬಲವಂತ ಮಾಡಲ್ಲ ನೋಡಿ, ಅವರು ಬಿಟ್ಟೋರಲ್ಲ, ತಿನ್ನದೋರು. ಮೊದಮೊದಲು ಸುಳ್ಳು ಹೇಳಿದಂಗೆ ಅನ್ಸುತ್ತೆ, ಹೇಳ್ತಾ ಹೇಳ್ತಾ ನಮ್ಮ ಕಿವಿಗೇ ಅಭ್ಯಾಸ ಆಗುತ್ತೆ. ತಾರೀಖೂ ಹಾಕ್ಕೊಳ್ಳಲಿಲ್ಲ, ದಿನ ಎಣಿಸೋ ಆ್ಯಪೂ ತೆಗೆದೆ. ಎಣಿಸೋದು ಕೆಲವರಿಗೆ ಬಲ ಕೊಡುತ್ತೆ, ನನಗೆ ಮಾತ್ರ ಅದು ವ್ರತದ ಲೆಕ್ಕ ಆಗ್ತಿತ್ತು.

ಹೋದ ಸಲ ಮಾಲೆ ಹಾಕಿದ ಗೆಳೆಯನಿಗೆ ಇದನ್ನೆಲ್ಲಾ ಹೇಳಿದೆ. ಬಿಚ್ಚೋ ದಿನ ನಾನೂ ದೇವಸ್ಥಾನಕ್ಕೆ ಹೋಗಿದ್ದೆ, ಬಿಎಚ್ ರೋಡ್ ಕಡೆ ಬಿಡದೆ ಅಮಾನಿಕೆರೆ ಏರಿ ಮೇಲೆ ಮೂರು ರೌಂಡ್ ನಡೆಸಿದೆ. ಹತ್ತೊಂಬತ್ತು ದಿನ ಇದ್ದ, ಆಮೇಲೆ ಸೇದಿದ, ಅವತ್ತು ರಾತ್ರಿನೇ ಫೋನ್ ಮಾಡಿ ಹೇಳಿದ, ಮಾರನೇ ದಿನ ಮತ್ತೆ ನಿಲ್ಲಿಸಿದ. ಈಗಲೂ ಹಗ್ಗಜಗ್ಗಾಟ ನಡೀತಾನೇ ಇದೆ, ಆದ್ರೆ ಮಾಲೆ ಇಲ್ದೇ ಬಿಡ್ತಿರೋದು ಇದೇ ಮೊದಲು.

ಒಂದು ವಿಷಯ ಬಿಟ್ಟೆ, ಕನಸು. ಬಿಟ್ಟೋರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೇದಿದಂಗೆ ಕನಸು ಬೀಳುತ್ತಂತೆ, ಅದೂ ಗೊತ್ತಿಲ್ದಂಗೆ ಹಚ್ಚಿಬಿಟ್ಟು, ಅಯ್ಯೋ ಸೇದಿಬಿಟ್ನಲ್ಲ ಅಂತ ಕನಸಲ್ಲೇ ಪಶ್ಚಾತ್ತಾಪ. ಇಂಥ ಕನಸು ಬೀಳೋರು ಬಿಟ್ಟೇ ಇರೋದು ಜಾಸ್ತಿ ಅಂತ 1991ರಲ್ಲಿ ಬಂದ ಒಂದು ಇಂಗ್ಲೆಂಡಿನ ಅಧ್ಯಯನ ಹೇಳುತ್ತೆ, ಹಾಗಾಗಿ ಬಿದ್ರೆ ಹೆದರಬೇಡಿ. ನನಗೆ ಈಗಲೂ ವರ್ಷಕ್ಕೊಂದ್ಸಲ ಬೀಳುತ್ತೆ, ಯಾವಾಗ್ಲೂ ಅದೇ ಜಾಗ, ಚಿಕ್ಕಬಾಣಾವರ ದಾಟಿರುತ್ತೆ, ರೈಲಿನ ಬಾಗಿಲಲ್ಲಿ ನಿಂತಿರ್ತೀನಿ, ಕೈಯಲ್ಲಿ ಅರ್ಧ ಉರಿದಿರುತ್ತೆ. ಧಡಕ್ಕನೆ ಎದ್ದು ಕೂತು ಕತ್ತಲಲ್ಲೇ ಎರಡು ಬೆರಳು ಮೂಗಿನ ಹತ್ರ ಹಿಡಿದು ಮೂಸಿ ನೋಡ್ಕೊಂತೀನಿ. ಪಕ್ಕದಿಂದ ನಮ್ಮ ಮನೆಯವಳು ನಿದ್ದೆಗಣ್ಣಲ್ಲೇ "ಏನ್ರೀ, ಮತ್ತೆ ರೈಲಾ?" ಅಂತಾಳೆ.